ನಾಗಪುರದಲ್ಲಿ ಇಳಿದ ರಾತ್ರಿ

ದೆಹಲಿಯಲ್ಲಿ ತರಬೇತಿ ಮುಗಿಸಿ ನಾವು ಮೂವರು ಬೆಂಗಳೂರಿಗೆ ವಿಮಾನ ಹತ್ತಿದ್ದೆವು. ಗಂಟೆ ಕಳೆದಿರಬೇಕು, ಪೈಲಟ್ ಮಾತಾಡಿದರು: ಒಂದು ಎಂಜಿನ್‌ನಲ್ಲಿ ಆಯಿಲ್ ಪ್ರೆಷರ್ ಕಡಿಮೆ ತೋರಿಸುತ್ತಿದೆ, ಮುನ್ನೆಚ್ಚರಿಕೆಗಾಗಿ ನಾಗಪುರದಲ್ಲಿ ಇಳಿಯುತ್ತೇವೆ. ಬಸ್ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದಷ್ಟೇ ಸಲೀಸಾಗಿ ಹೇಳಿದರು. ನಮ್ಮ ಕೈಕಾಲು ತಣ್ಣಗಾದವು.

ಎರಡು ಎಂಜಿನ್‌ನ ವಿಮಾನ ಒಂದರಲ್ಲೇ ಹಾರಿ ಇಳಿಯಬಲ್ಲದು. ಆದರೆ ಒಂದು ಕೈಕೊಟ್ಟರೆ ಹತ್ತಿರದ ಸೂಕ್ತ ನಿಲ್ದಾಣದಲ್ಲಿ ಇಳಿಯಬೇಕು ಅನ್ನೋದು ನಿಯಮ. ಇದನ್ನೆಲ್ಲ ನಾವು ಓದಿಕೊಂಡಿದ್ದು ಆಮೇಲೆ. ಆಗ ಕಂಡದ್ದು ರನ್‌ವೇ ಪಕ್ಕ ಸಾಲಾಗಿ ನಿಂತ ಅಗ್ನಿಶಾಮಕ ವಾಹನಗಳು ಮಾತ್ರ.

ಚಕ್ರ ನೆಲಕ್ಕೆ ತಾಗಿದ್ದೇ ತಡ, ಹೆದರಿಕೆ ಹೋಗಿ ಸಿಟ್ಟು ಬಂತು. "ಇನ್ನೊಂದೂವರೆ ಗಂಟೆ ಓಡಿಸಿದ್ರೆ ಬೆಂಗಳೂರೇ ಸಿಗ್ತಿತ್ತು" ಎಂದು ಗಗನಸಖಿಯರ ಮೇಲೆ ಎಷ್ಟೋ ಜನ ಕೂಗಾಡಿದರು. ನಾಚಿಕೆಯ ಮಾತು, ನಾವೂ ದನಿಗೂಡಿಸಿದೆವು.

ನಮ್ಮಲ್ಲೊಬ್ಬ ಊರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ಅದನ್ನೇ ಗೊಣಗಿದ. ಸ್ಪೀಕರ್‌ನಲ್ಲಿ ನಮಗೂ ಕೇಳಿತು:

"ಸ್ಟಾರ್ಟರ್‌ನಲ್ಲಿ ಆಂಪ್ಸ್ ಏರಿದ್ರೆ ನಾನೇನೋ ಮಾಡ್ತೀನಿ? ಇನ್ನೆರಡು ಸಾಲು ನೀರು ಬಾಕಿ ಅಂತ ಓಡಿಸ್ತೀನಾ? ಮೋಟರ್ ಸುಟ್ಟೋಗುತ್ತೆ. ಆ ಪೈಲಟ್ಟಿಗೆ ಕೈ ಮುಗಿದು ಬಂದ್ರೇನ್ರೋ?"

ಮುಗಿದಿರಲಿಲ್ಲ. ಬೆಳಗಿನ ಜಾವ ಬೇರೆ ವಿಮಾನ ಬಂತು. ಬಾಗಿಲಲ್ಲಿ ನಿಂತಿದ್ದವರೂ ಬೇರೆಯವರೇ.