ಅರವತ್ತು ಸಾವಿರದ ಪಟ್ಟಿ

ಚನ್ನಪಟ್ಟಣದಲ್ಲಿರುವ ನಮ್ಮ ಮನೆ ಹಳೆಯ ಹೆಂಚಿನ ಮನೆ. ಒಂದು ಹಾಲ್, ಎರಡು ಕೋಣೆ, ಅಡುಗೆಮನೆ, ಹಿತ್ತಲಿನಲ್ಲಿ ಬಚ್ಚಲು. ಅಬ್ಬಾ ಬೊಂಬೆ ಮಾಡುವ ಕಡೆ ಲೇತ್ ಕೆಲಸ ಮಾಡುತ್ತಾರೆ. ಕಳೆದ ದಸರಾ ರಜೆಯಲ್ಲಿ ಅವರ ಚೀಟಿ ಹಣ 60,000 ರೂಪಾಯಿ ಕೈಗೆ ಬಂತು. ಅದೇ ವಾರ, ಆಪಾಳನ್ನು ನೋಡಲು ಮೈಸೂರಿನ ಒಂದು ಕುಟುಂಬ ಜನವರಿಯಲ್ಲಿ ಬರುತ್ತದೆ ಎಂಬ ಸುದ್ದಿಯೂ ಬಂತು. ಮನೆ ಚೆನ್ನಾಗಿ ಕಾಣಬೇಕು ಎಂದು ಅಬ್ಬಾ ತೀರ್ಮಾನಿಸಿದರು. "ನೀನು ಕಾಮರ್ಸ್ ಓದ್ತೀಯಲ್ಲ, ಲೆಕ್ಕ ಬರಿ" ಎಂದು ನನ್ನ ಕೈಗೆ ನೋಟ್‌ಬುಕ್ ಕೊಟ್ಟರು.

ಅವರು ಉರ್ದುವಿನಲ್ಲಿ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಹಾಲ್‌ಗೆ ಫಾಲ್ಸ್ ಸೀಲಿಂಗ್ ಮತ್ತು ದೀಪ 16,000. ಕೆಂಪು ಗಾರೆ ನೆಲದ ಮೇಲೆ ಟೈಲ್ಸ್, 120 ಚದರ ಅಡಿಗೆ 150 ರೂಪಾಯಿಯಂತೆ 18,000. ಇಡೀ ಮನೆಗೆ ಪೇಂಟ್ 18,000. ಸೋಫಾ ರಿಪೇರಿ ಮತ್ತು ಪರದೆ 8,000. ಕೂಡಿದರೆ ಸರಿಯಾಗಿ 60,000. ಅಬ್ಬಾಗೆ ಖುಷಿಯಾಯಿತು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಆಕಸ್ಮಿಕ ವೆಚ್ಚಕ್ಕೆ ಒಂದು ರೂಪಾಯಿಯೂ ಉಳಿದಿರಲಿಲ್ಲ. ಇನ್ನೊಂದು ಕಾರಣವನ್ನು ನಾನು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಆಗಸ್ಟ್‌ನಲ್ಲಿ ಒಂದು ದಿನ ಫಜರ್‌ಗೆ ಮೊದಲು ವಜೂ ಮಾಡಲು ಹೋದ ದಾದಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಬಕೆಟ್ ಉರುಳಿದ ಸದ್ದಿಗೆ ಎದ್ದವಳು ನಾನೊಬ್ಬಳೇ. ಅವರನ್ನು ಎಬ್ಬಿಸಿ ಕೂರಿಸಿದಾಗ ನನ್ನ ಕೈ ಹಿಡಿದು, "ಗಿರೀ ಬೋಲ್ಕೊ ಕಿಸ್ಕು ಭೀ ನಕ್ಕೊ ಬೋಲ್" ಎಂದರು. ಬಿದ್ದೆ ಅಂತ ಯಾರಿಗೂ ಹೇಳಬೇಡ ಎಂದು. ಮಗನಿಗೆ ಖರ್ಚು ಹೆಚ್ಚಾಗುತ್ತದೆ ಎಂಬ ಭಯ ಅವರಿಗೆ. ನಾನು ಮಾತು ಕೊಟ್ಟೆ. ಸೆಪ್ಟೆಂಬರ್‌ನಲ್ಲಿ ಅವರು ಇನ್ನೊಮ್ಮೆ ಬಿದ್ದರು. ಮೊಣಕೈ ನೀಲಿಗಟ್ಟಿತ್ತು. ಬಾಗಿಲು ತಾಗಿತು ಎಂದು ಎಲ್ಲರಿಗೂ ಹೇಳಿದರು. ನಾನು ಆಗಲೂ ಸುಮ್ಮನಿದ್ದೆ.

ಅರ್ಥಶಾಸ್ತ್ರದಲ್ಲಿ ನಮಗೆ ಅವಕಾಶ ವೆಚ್ಚ ಎಂಬ ಪಾಠವಿದೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟದ್ದರಲ್ಲಿ ಅತ್ಯುತ್ತಮವಾದುದೇ ಅದರ ನಿಜವಾದ ಬೆಲೆ. ಪರೀಕ್ಷೆಗೆ ಅದನ್ನು ಎರಡು ಅಂಕದ ಪ್ರಶ್ನೆಯೆಂದು ಕಲಿತಿದ್ದೆ. ಆ ರಾತ್ರಿ ನೋಟ್‌ಬುಕ್ ನೋಡುತ್ತಾ ಕುಳಿತಾಗ ಅದರ ಅರ್ಥ ಗೊತ್ತಾಯಿತು. ಹಾಲ್‌ನ ಹೊಸ ಸೀಲಿಂಗ್‌ನ ಬೆಲೆ 16,000 ಅಲ್ಲ, ದಾದಿಯ ಸೊಂಟ. ಬೆಳಿಗ್ಗೆ ಅಬ್ಬಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ದಾದಿ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು.

ಮೂರನೆಯ ದಿನ ಜೋರು ಮಳೆ ಬಂತು. ಹಾಲ್‌ನಲ್ಲಿ ಮೂರು ಕಡೆ ಪಾತ್ರೆ ಇಟ್ಟೆವು. ನೋಡಲು ಬಂದ ಗಾರೆ ಮೇಸ್ತ್ರಿ ನಗುತ್ತಾ ಹೇಳಿದರು, "ಸೋರೋ ಹೆಂಚಿನ ಕೆಳಗೆ ಸೀಲಿಂಗ್ ಹಾಕಿದ್ರೆ ಮೊದಲನೇ ಮಳೆಗೇ ಕಲೆ ಬೀಳುತ್ತೆ. ಮೊದಲು ಮಾಡು, ಆಮೇಲೆ ನೀರು, ಕರೆಂಟು, ಆಮೇಲೆ ನೆಲ. ಬಣ್ಣ ಎಲ್ಲಕ್ಕಿಂತ ಕೊನೆಗೆ." ಗೆಳೆಯರೇ, ಮನೆ ರಿಪೇರಿಯ ವಿಷಯದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆವು.

ಹೊಸ ಪಟ್ಟಿ ಹೀಗಾಯಿತು. ಒಡೆದ ಹೆಂಚು, ರೀಪರ್ ಬದಲಿಸಲು 9,000. ಬಚ್ಚಲಿಗೆ 21,500. ದಾದಿಯ ಕೋಣೆಯಿಂದ ಬಚ್ಚಲಿನವರೆಗೆ ದೀಪ ಮತ್ತು ಸ್ವಿಚ್‌ಗೆ 2,500. ಹಾಲ್‌ನ ಪೇಂಟ್ 5,000. ಉಳಿದ ಕೋಣೆಗಳಿಗೆ ಸುಣ್ಣ 1,500. ಗಾರೆ ನೆಲ ಉಜ್ಜಿ ಪಾಲಿಶ್ ಹಾಕಲು 1,000. ಪರದೆಗೆ 600. ಒಟ್ಟು 41,100. ಅದರ ಮೇಲೆ ಆಕಸ್ಮಿಕ ವೆಚ್ಚಕ್ಕೆಂದು 6,000 ಬೇರೆ ಇಟ್ಟೆ.

ಕೆಲಸ ಶುರುವಾದದ್ದು ಮಳೆ ನಿಂತ ಮೇಲೆ, ಡಿಸೆಂಬರ್‌ನಲ್ಲಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿತ್ತು. ತೆರಿಗೆಗೆ ಮೊದಲು 300 ರೂಪಾಯಿ ಇರುವ ಚೀಲಕ್ಕೆ 30 ರೂಪಾಯಿ ಉಳಿತಾಯ. ನಾನು ಬಿಲ್ ಹಿಡಿದು ಇದನ್ನು ವಿವರಿಸಿದಾಗ ಅಬ್ಬಾ, "ಆರು ಚೀಲಕ್ಕೆ 180 ರೂಪಾಯಿ, ಮೇಸ್ತ್ರಿಗೆ ಟೀ ಆಯ್ತು" ಎಂದರು.

ಬಚ್ಚಲು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಒಂದು ಅಡಿಯ ಜಾರದ ಟೈಲ್ಸ್ 24 ಬೇಕು. ಕತ್ತರಿಸುವಾಗ ಒಡೆಯುತ್ತವೆಂದು ಶೇ. 10 ಸೇರಿಸಿ 27 ತಂದೆವು. ಎರಡು ಒಡೆದವು. ಎತ್ತರದ ಹೊಸ್ತಿಲನ್ನು ತೆಗೆಸಿದೆವು. ನಲ್ಲಿಯ ಪಕ್ಕ ಒಂದು, ಕಮೋಡಿನ ಪಕ್ಕ ಒಂದು ಸ್ಟೀಲ್ ಹಿಡಿ ಹಾಕಿಸಿದೆವು. ಎತ್ತರವನ್ನು ಟೇಪ್‌ನಿಂದ ಅಳೆಯಲಿಲ್ಲ. ದಾದಿಯನ್ನೇ ಅಲ್ಲಿ ನಿಲ್ಲಿಸಿ, ಅವರ ಕೈ ಎಟಕುವ ಕಡೆ ಪೆನ್ಸಿಲ್‌ನಿಂದ ಗುರುತು ಮಾಡಿದೆವು. ನೆಲ ಅಗೆದಾಗ ಹಳೆಯ ಪೈಪು ಒಡೆದಿರುವುದು ಕಂಡಿತು. 4,300 ರೂಪಾಯಿ ಹೋಯಿತು. ಅದು ಆಕಸ್ಮಿಕದ 6,000ದಿಂದಲೇ ಬಂತು. ಅಂದು ಅಬ್ಬಾ ನನ್ನ ಕಡೆ ನೋಡಿದ ರೀತಿ ನನಗೆ ಮರೆಯುವುದಿಲ್ಲ.

ಬಣ್ಣ ನಾವೇ ಬಳಿದೆವು. ಹಾಲ್‌ನ ಗೋಡೆಗಳು 440 ಚದರ ಅಡಿ, ಎರಡು ಬಾಗಿಲು ಒಂದು ಕಿಟಕಿ ಕಳೆದರೆ 386. ಎರಡು ಕೋಟಿಗೆ ಲೀಟರಿಗೆ ಸುಮಾರು 60 ಚದರ ಅಡಿ ಹಿಡಿದರೆ 7 ಲೀಟರ್ ಸಾಕು. ತೇವ ಹಿಡಿದ ಹಿಂದಿನ ಕೋಣೆಗಳಿಗೆ ಎಮಲ್ಷನ್ ಬಳಿದರೆ ಗುಳ್ಳೆ ಬರುತ್ತದೆ, ಸುಣ್ಣವೇ ಸರಿ ಎಂದರು ಮೇಸ್ತ್ರಿ. ಸುಣ್ಣ ಒದ್ದೆ ಇರುವಾಗ ಏನೂ ಬಳಿದಿಲ್ಲ ಎನಿಸುತ್ತದೆ. ಒಣಗಿದ ಮೇಲೆ ಗೋಡೆ ನಿಧಾನವಾಗಿ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದೆ ಆಪಾ ಒಂದೇ ಗೋಡೆಗೆ ನಾಲ್ಕು ಸಲ ಬಳಿದಳು! ಅಮ್ಮಿ ಹಳೆಯ ಸೀರೆಗಳಿಂದ ಪರದೆ ಹೊಲಿದರು. ಅಬ್ಬಾ ಉಳಿದ ಆಲೆ ಮರದ ತುಂಡುಗಳಿಂದ ಬಟ್ಟೆ ನೇತುಹಾಕುವ ಗೂಟ ಮಾಡಿ ತಂದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಳದಿ, ಕೆಂಪು ಬಣ್ಣ ಹತ್ತಿಸಿ, ತಾಳೆಗರಿಯಿಂದ ಹೊಳಪು ಕೊಟ್ಟಿದ್ದರು. ಇಷ್ಟು ವರ್ಷ ಬೇರೆಯವರ ಮನೆಗೆ ಬಣ್ಣದ ವಸ್ತು ಮಾಡಿದ ಅವರ ಕೈಕೆಲಸ ನಮ್ಮ ಗೋಡೆಗೆ ಬಂದದ್ದು ಅದೇ ಮೊದಲು.

ಒಟ್ಟು ಖರ್ಚು 45,400. ಉಳಿದ 14,600ನ್ನು ಅಮ್ಮಿ ಆಪಾಳ ಹೆಸರಿನಲ್ಲಿ ಬ್ಯಾಂಕಿಗೆ ಹಾಕಿದರು.

ಜನವರಿಯಲ್ಲಿ ಮೈಸೂರಿನವರು ಬಂದರು, ಬಿರಿಯಾನಿ ತಿಂದರು, ಹೋದರು. ಆ ಸಂಬಂಧ ಕೂಡಿಬರಲಿಲ್ಲ. ಕಾರಣವನ್ನೂ ಅವರು ಹೇಳಲಿಲ್ಲ. ಹಾಲ್‌ನಲ್ಲಿ ಟೈಲ್ಸ್ ಇದ್ದಿದ್ದರೆ ಒಪ್ಪುತ್ತಿದ್ದರೇ ಎಂದು ನಾನು ಹಲವು ರಾತ್ರಿ ಯೋಚಿಸಿದೆ. ಕೊನೆಗೆ ಆಪಾಳನ್ನೇ ಕೇಳಿದೆ. "ನೆಲ ನೋಡಿ ಒಪ್ಪೋರು ನೆಲಾನೇ ಮದುವೆ ಆಗಲಿ" ಎಂದು ಅವಳು ನಕ್ಕಳು. ಆದರೆ ಆ ದಿನ ಅವಳ ಕಣ್ಣು ಕೆಂಪಾಗಿದ್ದದ್ದನ್ನು ನಾನು ನೋಡಿದ್ದೇನೆ. ಅದನ್ನು ಯಾವ ಲೆಕ್ಕದಲ್ಲಿ ಬರೆಯಬೇಕೋ ನನಗೆ ಇನ್ನೂ ತಿಳಿದಿಲ್ಲ.

ನಿಮ್ಮ ಮನೆಯಲ್ಲೂ ರಿಪೇರಿ ಮಾತು ಬಂದರೆ ಪಟ್ಟಿಯನ್ನು ನೀವೇ ಬರೆಯಿರಿ. ಬರೆಯುವ ಮೊದಲು ಮನೆಯಲ್ಲಿ ಕಡಿಮೆ ಮಾತನಾಡುವವರನ್ನು ಕೇಳಿ. ಈಗ ದಿನಾ ಬೆಳಗಿನ ಜಾವ ದಾದಿಯ ಕೋಣೆಯಿಂದ ಸ್ವಿಚ್‌ನ ಟಕ್ ಸದ್ದು ಕೇಳುತ್ತದೆ. ನಾನು ಮಗ್ಗುಲು ಬದಲಿಸಿ ಇನ್ನೂ ಸ್ವಲ್ಪ ಹೊತ್ತು ಮಲಗುತ್ತೇನೆ.