ಪಂಪ್‌ಶೆಡ್ಡಿನ ಕಣ್ಣು

ನಮ್ಮ ಅಡಿಕೆ ತೋಟ ಮನೆಯಿಂದ ಇಳಿಜಾರಿಗೆ. ತೋಟ ದಾಟಿದರೆ ಹಳ್ಳ, ಹಳ್ಳದ ದಂಡೆಯಲ್ಲಿ ಪಂಪ್‌ಶೆಡ್. ಜಗಲಿಯಿಂದ ಅಲ್ಲಿಗೆ 350 ಮೀಟರ್. ಬೇಸಿಗೆಯಲ್ಲಿ ತ್ರೀಫೇಸ್ ಕರೆಂಟು ನಮಗೆ ಸಿಗುವುದು ಹೆಚ್ಚಾಗಿ ರಾತ್ರಿ. ಎಪ್ಪತ್ತು ದಾಟಿದ ಮೇಲೂ ಅಪ್ಪ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಟಾರ್ಚ್ ಹಿಡಿದು ಇಳಿಯುತ್ತಿದ್ದರು. ಕೊಳಕುಮಂಡಲ ಓಡಾಡುವ ಹೊತ್ತೂ ಅದೇ. ಅವರು ತಿರುಗಿ ಮೆಟ್ಟಿಲು ಹತ್ತುವವರೆಗೆ ಅಮ್ಮ ನಿದ್ದೆ ಮಾಡುತ್ತಿರಲಿಲ್ಲ.

ಫೋನಿನಿಂದ ಮೋಟಾರ್ ಚಾಲೂ ಮಾಡುವ ಪೆಟ್ಟಿಗೆ ಮೊದಲೇ ಇತ್ತು. ಮೋಟಾರ್ ಓಡುತ್ತಿದೆ ಎಂದು ಅದು ಹೇಳುತ್ತದೆ. ನೀರು ಬರುತ್ತಿದೆಯೇ ಎಂದು ಹೇಳುವುದಿಲ್ಲ. ಫುಟ್‌ವಾಲ್ವಿಗೆ ದರಕು ಸಿಕ್ಕಿಕೊಂಡರೆ ಪಂಪು ನೀರಿಲ್ಲದೆ ಒಣಗಿ ಓಡುತ್ತದೆ. ಒಂದು ರಾತ್ರಿ ಹಾಗೇ ಓಡಿ ಸೀಲ್ ಸುಟ್ಟುಹೋಯಿತು. ಅಂದಿನಿಂದ ಆ ಪೆಟ್ಟಿಗೆಯ ಮಾತನ್ನು ಅಪ್ಪ ನಂಬಲಿಲ್ಲ. ಸರಿ, ಕಣ್ಣಿಗೇ ಕಾಣಿಸಿಬಿಡೋಣ ಎಂದು ಕ್ಯಾಮೆರಾ ತಂದೆ.

ತಂತಿ ಎಳೆಯುವ ಯೋಚನೆ ಆಗಲೇ ಬಿಟ್ಟೆ. ನೆಟ್‌ವರ್ಕ್ ಕೇಬಲ್ಲಿನ ಓಟ 100 ಮೀಟರಿಗೆ ಮುಗಿಯುತ್ತದೆ. ಹಾಳೆ ಸಮೇತ ಸೋಗೆ ಕಳಚಿ ಬಿದ್ದರೆ ಯಾವ ವೈರೂ ಉಳಿಯುವುದಿಲ್ಲ. ಏಪ್ರಿಲ್ ತಿಂಗಳ ಸಿಡಿಲಿಗೆ ಉದ್ದ ತಂತಿ ಎಂದರೆ ಹಾಕಿಕೊಟ್ಟ ದಾರಿ. ಮನೆಯ ವೈ-ಫೈಯೋ, ತೋಟದ ಎಂಟನೇ ಸಾಲಿಗೇ ಸೋತಿತು. ಹಸಿ ಎಲೆಯೊಳಗಿನ ನೀರು ಅಲೆಯನ್ನು ಹೀರಿಬಿಡುತ್ತದೆ. ಕೊನೆಗೆ ತೋಟವನ್ನು ಬಿಟ್ಟು ಪಕ್ಕದ ಗದ್ದೆ ಬಯಲಿನ ಮೇಲೆ ದಾರಿ ಹುಡುಕಿದೆ. ಮನೆಯ ಮಾಡಿನ ಮೇಲೊಂದು, ಶೆಡ್ಡಿನ ಕಂಬದ ಮೇಲೊಂದು ಪುಟ್ಟ ಆಂಟೆನಾ, ಎದುರುಬದುರು. ಒಂದಕ್ಕೊಂದು ಕಂಡರೆ ಸಾಲದು. ನಡುದಾರಿಯಲ್ಲಿ ಆ ನೇರ ಗೆರೆಯ ಸುತ್ತ ಎರಡು ಮೀಟರಿನಷ್ಟಾದರೂ ಜಾಗ ತೆರವಿರಬೇಕು. ಒಂದು ಹಲಸಿನ ಕೊಂಬೆ ಕಡಿಯಬೇಕಾಯಿತು.

ಶೆಡ್ಡಿನಲ್ಲಿ ಕರೆಂಟು ಹೋಗಿ ಬರುತ್ತದೆ, ಕಣ್ಣು ಮಾತ್ರ ತೆರೆದೇ ಇರಬೇಕು. ಕ್ಯಾಮೆರಾ, ಆಂಟೆನಾ ಸೇರಿ 10 ವ್ಯಾಟ್. ದಿನಕ್ಕೆ 240 ವ್ಯಾಟ್-ಗಂಟೆ. 100 ವ್ಯಾಟಿನ ಸೋಲಾರ್ ಹಲಗೆ, 12 ವೋಲ್ಟಿನ ಬ್ಯಾಟರಿ ಬೇಸಿಗೆಗೆ ಧಾರಾಳವಾಯಿತು. ಮಳೆಗಾಲದಲ್ಲಿ ಬಿಸಿಲಿಲ್ಲ, ಆಗ ಪಂಪೂ ಬೇಡ. ಇನ್ನೊಂದು ನೆಮ್ಮದಿ: ಎಲ್ಲವೂ ಮನೆಯ ಜಾಲದೊಳಗೇ ಇರುವುದರಿಂದ ಇಂಟರ್ನೆಟ್ ಸತ್ತರೂ ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರುತ್ತದೆ.

ಮೊದಲ ದಿನ ಕ್ಯಾಮೆರಾವನ್ನು ಸ್ಟಾರ್ಟರಿನ ಕಡೆ ತಿರುಗಿಸಿದ್ದೆ. ಮೂರು ಫೇಸಿನ ಮೂರು ದೀಪ, ಅಳತೆಯ ಮುಳ್ಳು, ಎಲ್ಲ ಸ್ಪಷ್ಟ. ಅಪ್ಪ ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. "ನೀರೆಲ್ಲಿ?" ಎಂದರು. ಮತ್ತೆ ಟಾರ್ಚ್ ತೆಗೆದುಕೊಂಡು ಹೊರಟರು.

ನಾನೂ ಹಿಂದೆ ಹೋದೆ. ಅವರು ಶೆಡ್ಡಿನ ಒಳಗೆ ಕಾಲಿಡಲೇ ಇಲ್ಲ. ಹೊರಗೆ ನಿಂತು, ಹತ್ತು ಹೆಜ್ಜೆ ಆಚೆ ತೋಟಕ್ಕೆ ನೀರು ಚಿಮ್ಮಿಸುವ ಮೊದಲ ಜೆಟ್ಟಿಗೆ ಟಾರ್ಚ್ ಬಿಟ್ಟರು. ಅದು ಟಕಟಕ ಎಂದು ಸುತ್ತುತ್ತಿತ್ತು. "ಹೂಂ" ಎಂದು ತಿರುಗಿದರು. ಇಷ್ಟು ವರ್ಷ ನಡುರಾತ್ರಿ ಅವರು ಇಳಿದು ಬರುತ್ತಿದ್ದುದು ಆ ಒಂದು ಜೆಟ್ ನೋಡಲಿಕ್ಕೆ.

ಮರುದಿನ ಕ್ಯಾಮೆರಾ ಆ ಜೆಟ್ಟಿಗೆ ತಿರುಗಿತು. ಹಳ್ಳದ ಕಲ್ಲಿನ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ; ಆ ಕಡೆ ಒಂದಿಂಚೂ ಕಾಣದ ಹಾಗೆ ಕೋನ ಬಗ್ಗಿಸಿ, ಅವರನ್ನೇ ಕರೆದು ಟ್ಯಾಬ್ಲೆಟ್ ತೋರಿಸಿದೆ. ಯಂತ್ರ ನೋಡಲು ಹಾಕಿದ ಕಣ್ಣು ಮನುಷ್ಯರ ಮೇಲೆ ಬೀಳಬಾರದು. ರಾತ್ರಿ ಅವಕೆಂಪು ಬೆಳಕಿನಲ್ಲಿ ಹನಿಗಳು ಬೆಳ್ಳಗೆ ಅರಳುತ್ತವೆ, ಜೆಟ್ ನಿಂತರೆ ಪರದೆ ಕಪ್ಪು. ಕೀಟಗಳ ಆಸೆಗೆ ಜೇಡ ಮಾತ್ರ ಗಾಜಿನ ಮುಂದೆಯೇ ಬಲೆ ಕಟ್ಟುತ್ತದೆ; ವಾರಕ್ಕೊಮ್ಮೆ ಹಗಲಲ್ಲಿ ಹೋಗಿ ಒರೆಸುತ್ತೇನೆ.

ನೀವೂ ಕ್ಯಾಮೆರಾ ಹಾಕಿಸುವುದಾದರೆ, ಅಂಗಡಿಗೆ ಹೋಗುವ ಮುಂಚೆ ಒಂದು ರಾತ್ರಿ ಮನೆಯ ಹಿರಿಯರ ಹಿಂದೆ ಪಂಪ್‌ಶೆಡ್ಡಿಗೆ ನಡೆಯಿರಿ. ಅವರು ಮೊದಲು ಟಾರ್ಚ್ ಬಿಡುವುದು ಎಲ್ಲಿಗೆ ಎಂದು ನೋಡಿಕೊಳ್ಳಿ. ಕ್ಯಾಮೆರಾ ಅಲ್ಲಿಗೆ ತಿರುಗಲಿ.