ಪದಗ್ರಹಣದ ಊರಿನಿಂದ

ಮಂಗಳೂರು
ಜುಲೈ, ಸಂಜೆ

ಪೂಜ್ಯ ದೊಡ್ಡಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮಳೆ ಮಾತ್ರ ಬಿಟ್ಟಿಲ್ಲ, ಒಗೆದ ಬಟ್ಟೆ ಒಣಗುತ್ತಿಲ್ಲ. ಈ ಊರಿನ ಒಂದು ಸುದ್ದಿಯನ್ನು ಹಳೇ ಲಯನ್ ಆದ ನಿಮಗೇ ಬರೆಯಬೇಕು ಅನ್ನಿಸಿತು. ಜುಲೈ ಬಂತೆಂದರೆ ಇಲ್ಲಿ ಪೇಪರಿನ ಒಳಪುಟದ ತುಂಬ ಸೇವಾ ಕ್ಲಬ್ಬುಗಳ ಪದಗ್ರಹಣ. ಮಲ್ಲಿಕಟ್ಟೆಯಲ್ಲಿ ಲಯನ್ಸ್ ಸೇವಾ ಮಂದಿರ, ಮಣ್ಣಗುಡ್ಡೆಯಲ್ಲಿ ರೋಟರಿ ಬಾಲಭವನ. ಇವಲ್ಲದೆ ಜೇಸಿ, ಇನ್ನರ್ ವೀಲ್, ಓಣಿಗೊಂದು ಫ್ರೆಂಡ್ಸ್ ಸರ್ಕಲ್. ನಾಲ್ಕು ಜನ ಸೇರಿದರೆ ಒಂದು ಬೋರ್ಡು ಬೀಳುವ ಊರಿದು.

ಒಂದು ಕ್ಲಬ್ಬಿನ ಪದಗ್ರಹಣಕ್ಕೆ ನಾನೂ ಹೋಗಿದ್ದೆ. ಗಂಟೆ ಬಾರಿಸಿದರು, ಹಳೆಯ ಅಧ್ಯಕ್ಷರ ಕೊರಳ ಸರ ಹೊಸಬರ ಕೊರಳಿಗೆ ಬಂತು, ಟೈಲ್ ಟ್ವಿಸ್ಟರ್ ಎಂಬ ಪದಾಧಿಕಾರಿ ನಗಿಸುತ್ತಲೇ ದಂಡ ವಸೂಲಿ ಮಾಡಿದರು. ಹಿಂದೆ ನೀವು ಮಾಡುತ್ತಿದ್ದಿರಲ್ಲ, ಹಾಗೆಯೇ. ಕೊನೆಗೆ ಒಂದು ಹೊಲಿಗೆ ಮೆಷಿನ್ ವಿತರಣೆ. ಫೋಟೋಕ್ಕೆಂದು ಅದರ ಮೇಲೆ ಎಂಟು ಹತ್ತು ಕೈ. ಪಡೆಯಬೇಕಾದ ಹೆಂಗಸು ಅಂಚಿನಲ್ಲಿ ನಿಂತು, ಯಾರೂ ನೋಡದಂತೆ ಚಕ್ರವನ್ನು ಬೆರಳಲ್ಲಿ ತಿರುಗಿಸಿ, ಬಗ್ಗಿ ಸೂಜಿ ಇಳಿಯುವುದನ್ನು ಪರೀಕ್ಷಿಸುತ್ತಿದ್ದಳು. ನನಗಂತೂ ಇಡೀ ಸಭೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ ಅನ್ನಿಸಿತು. ಸಿಟ್ಟಾಗಬೇಡಿ.

ಸೇವೆ ಅನ್ನುವುದು ಇಲ್ಲಿ ಕ್ಲಬ್ಬುಗಳಿಗಿಂತ ಬಹಳ ಹಿಂದಿನದು. ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರುಮಾಡಿದರು. ಅವರದೇ ಹೆಸರಿನ ಇಂದಿನ ದೊಡ್ಡ ಆಸ್ಪತ್ರೆಗೆ ಅದೇ ಬೇರು. ಇನ್ನೊಬ್ಬರು ಕುದ್ಮುಲ್ ರಂಗರಾವ್. ಕಾಸರಗೋಡಿನ ಕಡೆಯ ಸಾರಸ್ವತ ಬ್ರಾಹ್ಮಣ, ಇಲ್ಲಿ ವಕೀಲರು. ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಜಾತಿಯವರು ದೂರ ಇಟ್ಟರು. 1928ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಡಲಿಲ್ಲ. ತನ್ನ ಶಾಲೆಯ ಹುಡುಗ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಸಾಕು ಎನ್ನುತ್ತಿದ್ದರಂತೆ. ಈಗ ಇಲ್ಲಿನ ಪುರಭವನಕ್ಕೆ ಅವರದೇ ಹೆಸರು.

ಆದರೆ ಇಂಥ ಹಠ ಎಷ್ಟು ಜನರಿಗಿರುತ್ತದೆ? ಕ್ಲಬ್ಬಿನ ಜಾಣತನ ಕಾಣುವುದು ಇಲ್ಲಿಯೇ. 1905ರಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರು, ಒಬ್ಬ ದರ್ಜಿಯ ಜೊತೆ ಕೂತು ರೋಟರಿ ಶುರುಮಾಡಿದ. ನಿಮ್ಮ ಮೆಲ್ವಿನ್ ಜೋನ್ಸರ ಲಯನ್ಸ್ ಹುಟ್ಟಿದ್ದು 1917ರಲ್ಲಿ. ರೋಟರಿ 1920ಕ್ಕೆ ಕಲ್ಕತ್ತಾ ಮುಟ್ಟಿತು, ಲಯನ್ಸ್ 1956ಕ್ಕೆ ಮುಂಬಯಿ. ಒಂದೊಂದು ಕಸುಬಿಗೆ ಒಬ್ಬೊಬ್ಬ ಸದಸ್ಯ ಎಂಬ ಹಳೆಯ ರೋಟರಿ ನಿಯಮಕ್ಕೆ ಈ ಊರು ಹೇಳಿಮಾಡಿಸಿದಂತಿತ್ತು: ಹಂಚು, ಗೇರುಬೀಜ, ಬೀಡಿ, ಕಾಫಿ, ಬ್ಯಾಂಕು, ಜೊತೆಗೆ ವಕೀಲರು, ಡಾಕ್ಟರು. ಅಧ್ಯಕ್ಷಗಿರಿ ಜುಲೈ 1ರಿಂದ ಜೂನ್ 30ರವರೆಗೆ ಮಾತ್ರ. ಅಂಗಡಿ ಮುಚ್ಚಬೇಕಿಲ್ಲ, ಜಾತಿ ಕಳೆದುಕೊಳ್ಳಬೇಕಿಲ್ಲ, ಒಂದು ವರ್ಷದ ಉತ್ಸಾಹವಿದ್ದರೆ ನಡೆಯುತ್ತದೆ. ರಂಗರಾಯರು ಜೀವಮಾನವನ್ನೇ ತೆತ್ತಿದ್ದರು.

ಮೊದಲು ಮಿಷನ್, ಆಮೇಲೆ ಕ್ಲಬ್ಬು: ಪಶ್ಚಿಮ ಆಫ್ರಿಕಾದಲ್ಲೂ ಇದೇ ಕತೆ. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬರುವ ಆರು ವರ್ಷ ಮೊದಲೇ ಘಾನಾದ ಕರಾವಳಿಯಲ್ಲಿ ಇಳಿದಿದ್ದರು. ಘಾನಾ, ನೈಜೀರಿಯಾಗಳಿಗೆ ರೋಟರಿ ಬಂದದ್ದು ಸ್ವಾತಂತ್ರ್ಯದ ಬೆನ್ನಿಗೆ. ಘಾನಾ ಸ್ವತಂತ್ರವಾದದ್ದು 1957, ಅಕ್ರಾದಲ್ಲಿ ರೋಟರಿ 1958. ನೈಜೀರಿಯಾಕ್ಕೆ ಸ್ವಾತಂತ್ರ್ಯ 1960, ಲಾಗೋಸಿನ ರೋಟರಿ 1961. ಬಿಳಿಯರು ಖಾಲಿ ಮಾಡಿದ ಕುರ್ಚಿಗಳಿಗೆ ಬಂದ ಹೊಸ ವಕೀಲರಿಗೂ ವ್ಯಾಪಾರಿಗಳಿಗೂ ಒಟ್ಟಿಗೆ ಕೂತು ಊಟ ಮಾಡಲು ಒಂದು ಮೇಜು ಬೇಕಿತ್ತು ಅಂತ ನನ್ನ ಊಹೆ. ಆ ಊಟದ ಮೇಜನ್ನು ಗೇಲಿ ಮಾಡುವುದು ಸುಲಭ. ಆದರೆ ರೋಟರಿ 1985ರಲ್ಲಿ ಹಿಡಿದ ಪೋಲಿಯೋ ಕೆಲಸವನ್ನು ನೆನೆದರೆ ನಾಲಗೆ ಸುಮ್ಮನಾಗುತ್ತದೆ. ನಮ್ಮ ದೇಶದ ಕೊನೆಯ ಪ್ರಕರಣ 2011ರಲ್ಲಿ. ನೈಜೀರಿಯಾದಲ್ಲಿ ವೈಲ್ಡ್ ಪೋಲಿಯೋ ನಿಂತ ಮೇಲೆ 2020ರಲ್ಲಿ ಆಫ್ರಿಕಾ ವಲಯ ಅದರಿಂದ ಮುಕ್ತವೆಂದು ಸಾರಿದರು. ಪ್ರತಿ ಜುಲೈಗೆ ಅಧ್ಯಕ್ಷರು ಬದಲಾದರೂ ಕೆಲಸ ನಿಲ್ಲಲಿಲ್ಲ.

ಹೆಂಗಸರ ವಿಷಯದಲ್ಲಿ ಮಾತ್ರ ನಿಮ್ಮವರನ್ನು ಬಿಡುವುದಿಲ್ಲ. 1987ರವರೆಗೆ ಲಯನ್ಸ್‌ನಲ್ಲಿ ಅವರಿಗೆ ಸದಸ್ಯತ್ವವೇ ಇರಲಿಲ್ಲ. ರೋಟರಿಯವರು ನಿಯಮ ತಿದ್ದಿದ್ದು 1989ಕ್ಕೆ. ದೊಡ್ಡಮ್ಮನನ್ನು ಲಯನೆಸ್ ಎಂದು ಕರೆದು ತಿಂಡಿಯ ಲೆಕ್ಕ ಒಪ್ಪಿಸುತ್ತಿದ್ದಿರಿ. ನಾನು ಹೋದ ಸಭೆಯಲ್ಲಿ ಸರ ಹಾಕಿಸಿಕೊಂಡವರು ಒಬ್ಬ ಮಹಿಳೆ, ಗಂಟೆಯನ್ನೂ ಜೋರಾಗಿಯೇ ಬಾರಿಸಿದರು. ದೊಡ್ಡಮ್ಮನಿಗೆ ಇದನ್ನು ಓದಿ ಹೇಳಿ.

ಮುಖ್ಯವಾದದ್ದು ಇನ್ನೊಂದಿದೆ. ಅಟ್ಟದ ಮೇಲಿರುವ ನಿಮ್ಮ ಕ್ಲಬ್ಬಿನ ಹಳೆಯ ಮಿನಿಟ್ಸ್ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಕ್ಲಬ್ಬು ಕಟ್ಟಿಸಿದ ಬಸ್ ತಂಗುದಾಣದ ಕಲ್ಲಿನ ಮೇಲೆ ಅಧ್ಯಕ್ಷರ ಹೆಸರಷ್ಟೇ ಉಳಿದಿರುತ್ತದೆ. ಯಾರು ಬೇಡವೆಂದರು, ಯಾರು ಜಾಗ ಬಿಟ್ಟುಕೊಟ್ಟರು ಎಂಬುದು ಆ ಪುಸ್ತಕಗಳಲ್ಲಿ ಮಾತ್ರ ಸಿಗುತ್ತದೆ. ನಾನು ಬಂದು ಇಳಿಸುತ್ತೇನೆ, ನೀವು ಏಣಿ ಹತ್ತಬೇಡಿ.

ಇಂತಿ ನಿಮ್ಮ ಪ್ರೀತಿಯ ಮಗಳು